ಅಪ್ರೈಸಲ್ ದಿನಗಳಲ್ಲಿ ಮನಸ್ಸು ಕುಗ್ಗಿದವರಿಗೆ

ಬೆಂಗಳೂರಿನ ಅನೇಕ ಐಟಿ ಕಂಪನಿಗಳಲ್ಲಿ ಪ್ರತಿ ತಂಡದಲ್ಲೂ ಇಂತಿಷ್ಟೇ ಮಂದಿಗೆ ಮೇಲಿನ ರೇಟಿಂಗ್ ಕೊಡಬೇಕೆಂಬ ಮಿತಿ ಇರುವುದರಿಂದ, ಚೆನ್ನಾಗಿ ದುಡಿದವರಿಗೂ ಅಪ್ರೈಸಲ್‌ನಲ್ಲಿ, ಅಂದರೆ ಕೆಲಸದ ಮೌಲ್ಯಮಾಪನದಲ್ಲಿ, ಕಡಿಮೆ ಅಂಕ ಬರುವುದುಂಟು. ಅದನ್ನು ದಯವಿಟ್ಟು ನಿಮ್ಮ ಯೋಗ್ಯತೆಯ ಅಳತೆ ಎಂದು ಭಾವಿಸಬೇಡಿ. ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ಮ್ಯಾನೇಜರ್ ಆಡಿದ ಮಾತನ್ನು ಯಥಾವತ್ತಾಗಿ, ಬಲಗಡೆ ಅದರಿಂದ ನೀವು ಕಟ್ಟಿಕೊಂಡ ಅರ್ಥವನ್ನು ಬರೆಯಿರಿ. ಎಡಕ್ಕೆ ‘ಎರಡು ಸಾಫ್ಟ್‌ವೇರ್ ರಿಲೀಸ್ ತಡವಾದವು’ ಎಂದಿದ್ದರೆ ಬಲಕ್ಕೆ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂದಿರಬಹುದು. ಆ ಎರಡನೆಯ ಮಾತನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ತಿದ್ದಿಕೊಳ್ಳಬೇಕಾದದ್ದು ಎಡಗಡೆಯದ್ದು ಮಾತ್ರ.

ವಾರಕ್ಕೊಂದು ಸಂಜೆಯಾದರೂ ನಿಮ್ಮ ಹುದ್ದೆಯನ್ನು ಯಾರೂ ಕೇಳದ ಕಡೆ, ಶಟಲ್ ಅಂಗಳದಲ್ಲೋ ಸಂಗೀತದ ಪಾಠದಲ್ಲೋ ಕಳೆಯಿರಿ. ಆಗ ಆಫೀಸಿನ ಚಾಟ್ ಮ್ಯೂಟ್ ಆಗಿರಲಿ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ (ಕೆಲಸದಿಂದ ಪೂರ್ತಿ ಬಳಲಿಹೋಗುವುದು) ಅನ್ನು ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ವಿವರಿಸಿದೆ, ಅಂದರೆ ಅದು ವ್ಯಕ್ತಿಯ ದೌರ್ಬಲ್ಯವಲ್ಲ. ನಿದ್ರೆ, ಊಟ ಕೆಡುವಷ್ಟು ಬೇಸರ ಮುಂದುವರಿದರೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.