ಸಂಜೆ ನಾಟಕ ನೋಡಬೇಕೆ? ಬಾಗಿಲು ಮುಚ್ಚುವ ಮೊದಲೇ ತಲುಪಿ

ಬೆಂಗಳೂರಲ್ಲಿ ಸಂಜೆ ಅಂದ್ರೆ ಬಾರು, ಪಬ್ಬು ಮಾತ್ರ ಅಂದುಕೊಂಡವರು ಒಮ್ಮೆ ಜೆ.ಪಿ. ನಗರ 2ನೇ ಹಂತದ ರಂಗಶಂಕರಕ್ಕೆ ಹೋಗಿ ಬನ್ನಿ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾದ ರಂಗಮಂದಿರ. ಸೋಮವಾರ ಸಾಮಾನ್ಯವಾಗಿ ಪ್ರದರ್ಶನ ಇರಲ್ಲ. ಉಳಿದ ದಿನ ಹೆಚ್ಚಾಗಿ ರಾತ್ರಿ 7.30ಕ್ಕೆ.

ಇಲ್ಲಿ 7.30 ಅಂದ್ರೆ 7.30. ಬೆಲ್ ಹೊಡೆದು ಬಾಗಿಲು ಹಾಕಿದ ಮೇಲೆ ಟಿಕೆಟ್ ತೋರಿಸಿದರೂ ಬಿಡಲ್ಲ. ಎಲ್ಲರೂ ಎಡವುವುದು ಇಲ್ಲೇ: ಮ್ಯಾಪ್ ತೋರಿಸುವ ಸಮಯ ನಂಬಿ ಹೊರಟು, ಬನಶಂಕರಿ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹಸಿರು ಮಾರ್ಗದ ಮೆಟ್ರೋ ಹಿಡಿದು, ಇಳಿದ ಮೇಲೆ ಆಟೋ ಮಾಡಿ. 6.45ಕ್ಕೆ ಅಲ್ಲಿರುವಂತೆ ನೋಡಿಕೊಳ್ಳಿ.

ಸೀಟಿಗೆ ನಂಬರ್ ಇರಲ್ಲ, ಮೊದಲು ಬಂದವರಿಗೆ ಮೊದಲು. ವೇದಿಕೆ ಮುಂದಕ್ಕೆ ಚಾಚಿಕೊಂಡಿದೆ, ಪ್ರೇಕ್ಷಕರು ಮೂರು ಕಡೆ ಕೂರುತ್ತಾರೆ. ಪಕ್ಕದಲ್ಲಿ ಕೂತರೆ ಕೆಲವು ದೃಶ್ಯಗಳಲ್ಲಿ ನಟರ ಬೆನ್ನೇ ಕಾಣುತ್ತದೆ. ಅದಕ್ಕೇ 7 ಗಂಟೆಗೆಲ್ಲ ಸಾಲಿನಲ್ಲಿ ನಿಂತು ನಡುವಿನ ಭಾಗದ ಮೂರು-ನಾಲ್ಕನೇ ಸಾಲು ಹಿಡಿಯಿರಿ. ಮುಖದ ಬೆವರಹನಿ ಕೂಡ ಕಾಣುತ್ತದೆ.

ಕೆಫೆಯಲ್ಲಿ ಸಾಬುದಾನಿ ವಡೆ ಬಿಸಿಬಿಸಿ ಸಿಗುತ್ತದೆ, ಅದನ್ನು ಸಾಲಿಗೆ ಮುಂಚೆಯೇ ಮುಗಿಸಿ. ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್ ಮಾಡಿ. ಕತ್ತಲಲ್ಲಿ ಪರದೆಯ ಬೆಳಕು ನಟರ ಕಣ್ಣಿಗೇ ಹೊಡೆಯುತ್ತದೆ. ಪುಟ್ಟ ಮಕ್ಕಳಿದ್ದರೆ ಟಿಕೆಟ್ ಕೊಳ್ಳುವಾಗಲೇ ವಯಸ್ಸಿನ ನಿಯಮ ಕೇಳಿಕೊಳ್ಳಿ.