ಅನಾನಸ್ ಸಿಪ್ಪೆಯಿಂದ ಒಂದು ಬಾಟಲಿ ಸಿರಪ್

ಅನಾನಸ್ ಹೆಚ್ಚುವಾಗ ಮನೆ ತುಂಬ ಘಮ್ ಅನ್ನುತ್ತದೆ ಅಲ್ವಾ? ಹೋಳು ತಿಂದು ಮುಗಿಸಿದ ಮೇಲೂ ಸಿಪ್ಪೆಯ ಬುಟ್ಟಿಯಲ್ಲಿ ಆ ಪರಿಮಳ ಹಾಗೇ ಇರುತ್ತದೆ. ಶಿರಸಿ, ಬನವಾಸಿ ಕಡೆ ಅನಾನಸ್‌ಗೆ ಬರವಿಲ್ಲ. ಆದರೆ ಸಿಪ್ಪೆ ಮಾತ್ರ ನೇರ ಕೊಟ್ಟಿಗೆಗೋ ಗೊಬ್ಬರ ಗುಂಡಿಗೋ ಹೋಗುತ್ತದೆ. ಹೋಗಲಿ, ಆದರೆ ಒಂದು ದಿನ ತಡವಾಗಿ ಹೋಗಲಿ. ಅಷ್ಟರಲ್ಲಿ ಅದರಿಂದ ಅರ್ಧ ಲೀಟರ್‌ನಷ್ಟು ಸಿರಪ್ ತೆಗೆಯಬಹುದು.

ಮೊದಲು ಹಣ್ಣು ತೊಳೆಯುವುದು. ಹೆಚ್ಚಿದ ಮೇಲೆ ಸಿಪ್ಪೆ ತೊಳೆದರೆ ರಸವೆಲ್ಲ ನೀರಿಗೆ ಹೋಗುತ್ತದೆ. ಆದ್ದರಿಂದ ಇಡೀ ಹಣ್ಣನ್ನೇ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕಣ್ಣುಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ. ಜುಟ್ಟು ಬೇಡ, ಕೊಳೆತ ಭಾಗವೂ ಬೇಡ. ಸಿಪ್ಪೆಯನ್ನೂ ನಡುವಿನ ಗಟ್ಟಿ ದಿಂಡನ್ನೂ ಸಣ್ಣಗೆ ಹೆಚ್ಚಿ ತೂಗಿ. ಒಂದೂವರೆ ಕಿಲೋ ಹಣ್ಣಿನಿಂದ ಸುಮಾರು ಅರ್ಧ ಕಿಲೋ ಸಿಗುತ್ತದೆ. ಅಷ್ಟೇ ತೂಕದ ಸಕ್ಕರೆ ಹಾಕಿ ಕೈಯಿಂದ ಚೆನ್ನಾಗಿ ಹಿಸುಕಿ, ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿಡಿ. ಹುಳಿ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ ಬೇಡವೇ ಬೇಡ.

ಸಂಜೆ ಕಲಸಿಟ್ಟರೆ ಬೆಳಿಗ್ಗೆ ನೋಡಿ. ಒಂದು ಹನಿ ನೀರು ಹಾಕದೆಯೇ ತಳದಲ್ಲಿ ಹೊಂಬಣ್ಣದ ರಸ ನಿಂತಿರುತ್ತದೆ. ಸಕ್ಕರೆ ಸಿಪ್ಪೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ನೀರಿನ ಜತೆ ಪರಿಮಳವೂ ಹೊರಬರುತ್ತದೆ. ಮಾವಿನಮಿಡಿಗೆ ಉಪ್ಪು ಹಾಕಿಟ್ಟಾಗ ಆಗುವುದೂ ಇದೇ.

ಶಿರಸಿಯ ತಂಪಿನಲ್ಲಿ ರಾತ್ರಿಯಿಡೀ ಹೊರಗಿಟ್ಟರೂ ನಡೆಯುತ್ತದೆ. ಕಾರವಾರ, ಕುಮಟಾದ ಸೆಕೆಗೆ ಫ್ರಿಜ್ಜೇ ಸರಿ. ಒಂದು ಮೇ ತಿಂಗಳಲ್ಲಿ ನಾನು ಕುದಿಸದ ರಸವನ್ನೇ ಸೋಸಿ, ಬಾಟಲಿ ತುಂಬ ಹಾಕಿ, ಮುಚ್ಚಳ ಬಿಗಿದು ಕಪಾಟಿನಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ಮುಚ್ಚಳ ಹಾರಿ ಗೋಡೆಯೆಲ್ಲ ಅಂಟಾಯಿತು. ಸಿಪ್ಪೆಯ ಮೇಲೆ ಯೀಸ್ಟ್ ಸಹಜವಾಗಿಯೇ ಇರುತ್ತದೆ. ಸೆಕೆ ಸಿಕ್ಕರೆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಗಾಜು ಒಡೆದಿದ್ದರೆ ಯಾರಿಗಾದರೂ ಪೆಟ್ಟಾಗುತ್ತಿತ್ತು. ಹಾಗಾಗಿ ಕುದಿಸುವುದನ್ನು ಮಾತ್ರ ಬಿಡಬೇಡಿ.

ಬೆಳಿಗ್ಗೆ ಎಲ್ಲವನ್ನೂ ಸ್ಟೀಲಿನ ಪಾತ್ರೆಗೆ ಹಾಕಿ, ಒಂದು ದೊಡ್ಡ ಲೋಟ, ಅಂದರೆ 250 ಮಿಲಿ ನೀರು ಸೇರಿಸಿ, ಸಣ್ಣ ಉರಿಯಲ್ಲಿ 15 ನಿಮಿಷ ಬಿಸಿ ಮಾಡಿ. ಏಳೆಂಟು ಕಾಳುಮೆಣಸು ಜಜ್ಜಿ ಹಾಕಿದರೆ ಬಹಳ ರುಚಿ. ಏಲಕ್ಕಿಯೂ ಆಗುತ್ತದೆ, ಆದರೆ ಅದು ಅನಾನಸ್ಸಿನ ವಾಸನೆಯನ್ನು ಮುಚ್ಚಿಬಿಡುತ್ತದೆ ಅಂತ ನನಗೆ ಅನಿಸುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಜಾಸ್ತಿ ಹಿಂಡಿದರೆ ಸಿರಪ್ ಕದಡುತ್ತದೆ.

ಸೋಸಿದ್ದಕ್ಕೆ ಎರಡು ದೊಡ್ಡ ಚಮಚ ಲಿಂಬೆರಸ ಹಾಕಿ ಮತ್ತೆ ಐದಾರು ನಿಮಿಷ ಕುದಿಸಿ. ಸಕ್ಕರೆ ಹರಳುಗಟ್ಟದಂತೆ ಲಿಂಬೆ ತಡೆಯುತ್ತದೆ. ಹದ ತಿಳಿಯುವುದು ಹೀಗೆ: ಒಂದು ಹನಿಯನ್ನು ತಟ್ಟೆಗೆ ಬಿಟ್ಟು, ಆರಿದ ಮೇಲೆ ಎರಡು ಬೆರಳಲ್ಲಿ ಹಿಡಿದು ನೋಡಿ. ಅಂಟಬೇಕು, ಎಳೆ ಬರಬಾರದು. ಒಂದೆಳೆ ಪಾಕಕ್ಕೆ ಹೋದರೆ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ಬಿಸಿ ಇರುವಾಗ ಜೋನಿ ಬೆಲ್ಲಕ್ಕಿಂತ (ನೀರಾಗಿರುವ ಬೆಲ್ಲ) ತುಂಬಾ ತೆಳು ಕಾಣುತ್ತದೆ, ಗಾಬರಿ ಬೇಡ. ಆರಿದಾಗ ಮಂದವಾಗುತ್ತದೆ.

ಬಾಟಲಿಯನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ಒಣಗಿಸಿ ತುಂಬಿ. ಮೇಲೆ ಎರಡು ಬೆರಳಷ್ಟು ಜಾಗ ಬಿಡಿ. ತಾರೀಖು ಬರೆದು ಫ್ರಿಜ್ಜಿನಲ್ಲಿಡಿ. ಮೂರು ವಾರದೊಳಗೆ ಮುಗಿಸಿ. ನೊರೆ ಬಂದರೆ, ಬೂಸ್ಟು ಕಂಡರೆ ಚೆಲ್ಲಿಬಿಡಿ.

ಮಾವಿನ ಸಿಪ್ಪೆ, ಗೊರಟೆಯಿಂದಲೂ ಮಾಡಬಹುದು. ಅಂಕೋಲಾದ ಕರಿ ಇಶಾಡ್ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅಂಥ ಹಣ್ಣು ಮನೆಗೆ ಬಂದಾಗ ಗೊರಟೆಗೆ ಅಂಟಿದ ತಿರುಳನ್ನು ಬಿಡುವುದುಂಟೇ? ತೊಟ್ಟಿನ ಸೊನೆ ಪೂರ್ತಿ ಹೋಗುವಂತೆ ಹಣ್ಣು ತೊಳೆದಿರಬೇಕು. ಸಿಪ್ಪೆ ಮುಟ್ಟಿದರೆ ತುರಿಕೆ ಬರುವವರು ಗೊರಟೆ ಮಾತ್ರ ಬಳಸಲಿ. ಸಕ್ಕರೆಯಲ್ಲಿ ಮೂರ್ನಾಲ್ಕು ಗಂಟೆ, ಅದೂ ಫ್ರಿಜ್ಜಿನಲ್ಲಿ, ಸಾಕು. ಕುದಿಸುವುದೂ ಕಡಿಮೆ. ಮಾವಿನ ಸಿಪ್ಪೆಯಲ್ಲಿ ಪೆಕ್ಟಿನ್ ಜಾಸ್ತಿ, ತುಂಬಾ ಕುದಿಸಿದರೆ ಸಿರಪ್ ಹೋಗಿ ಜೆಲ್ಲಿಯಾಗುತ್ತದೆ.

ಮುರುಗಲು (ಪುನರ್ಪುಳಿ, ಕೋಕಂ) ಹಣ್ಣಿನ ಸಿಪ್ಪೆ ಒಣಗಿಸುವ ಮನೆಗಳಲ್ಲಿ ಬೀಜದ ಸುತ್ತ ಬಿಳಿ ತಿರುಳು ಉಳಿದಿರುತ್ತದೆ. ಬೀಜವನ್ನು ಮುರುಗಲು ತುಪ್ಪಕ್ಕೆಂದು (ಬೀಜದಿಂದ ತೆಗೆಯುವ ಕೊಬ್ಬು) ಒಣಗಿಸುವ ಮೊದಲು ಸಕ್ಕರೆ ಹಾಕಿ ಅರ್ಧ ದಿನ ಇಟ್ಟರೆ ಒಳ್ಳೆ ಹುಳಿಸಿಹಿ ರಸ ಬಿಡುತ್ತದೆ. ಅದನ್ನೂ ಹಾಗೇ ಸೋಸಿ ಕುದಿಸಿ. ಬೀಜ ತೊಳೆದು ಬಿಸಿಲಿಗೆ ಹಾಕಿ.

ಕುಡಿಯುವುದಕ್ಕೆ ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ ಸಿರಪ್, ಚಿಟಿಕೆ ಉಪ್ಪು. ನಮ್ಮ ಮನೆಯ ಮಕ್ಕಳು ಬಿಸಿ ತೆಳ್ಳೇವಿನ (ತೆಳು ದೋಸೆ) ಮೇಲೆ ಸುಮ್ನೆ ಸುರಿದುಕೊಂಡು ತಿನ್ನುತ್ತಾರೆ, ತುಪ್ಪದ ಜತೆ. ಆವತ್ತು ಜೋನಿ ಬೆಲ್ಲದ ಡಬ್ಬಿ ಕೆಳಗಿಳಿಯುವುದೇ ಇಲ್ಲ.