ಮಗುವಿಗೆ ಜ್ವರ, ಭೇದಿ: ಔಷಧಿ ಕೊಡುವ ಮೊದಲು ಅಳತೆ ತಿಳಿಯಿರಿ

ದಾವಣಗೆರೆಯ ಔಷಧಿ ಅಂಗಡಿಯಲ್ಲಿ ‘ಮಗೂಗೆ ಜ್ವರ, ಒಂದು ಸಿರಪ್ ಕೊಡ್ರಿ’ ಎಂದು ಕೇಳುವವರು ಮಗುವಿನ ವಯಸ್ಸನ್ನು ಹೇಳುತ್ತಾರೆಯೇ ಹೊರತು ತೂಕವನ್ನು ಹೇಳುವುದು ಅಪರೂಪ. ಔಷಧಿಯ ಪ್ರಮಾಣ ನಿರ್ಧಾರವಾಗುವುದು ತೂಕದಿಂದಲೇ.

ಆದ್ದರಿಂದ ಮೊದಲು ತಾಯಿ ಕಾರ್ಡ್ ತೆಗೆದು, ಅಂಗನವಾಡಿಯಲ್ಲಿ ಇತ್ತೀಚೆಗೆ ಬರೆಸಿದ ತೂಕವನ್ನು ನೋಡಿಕೊಳ್ಳಿ. ಪ್ಯಾರಾಸಿಟಮಾಲ್ ಅನ್ನು ಒಂದು ಸಲಕ್ಕೆ, ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಲೆಕ್ಕದಲ್ಲಿ ಕೊಡಬೇಕು. ಬಳಿಕ ಬಾಟಲಿಯ ಮೇಲಿನ ಚೀಟಿ ಓದಿ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಇರುವ ಸಿರಪ್ ಉಂಟು, 250 ಇರುವುದೂ ಉಂಟು. ಹಸುಗೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ. 10 ಕೆ.ಜಿ. ತೂಕದ ಮಗುವಿಗೆ ಮೊದಲನೆಯದಾದರೆ 5 ಮಿ.ಲೀ., ಎರಡನೆಯದಾದರೆ 2.5 ಮಿ.ಲೀ., ಡ್ರಾಪ್ಸ್ ಆದರೆ 1.25 ಮಿ.ಲೀ. ಸಾಕು. ಸಿರಪ್ ಎಂದುಕೊಂಡು ಡ್ರಾಪ್ಸ್ ಅನ್ನೇ 5 ಮಿ.ಲೀ. ಕುಡಿಸಿದರೆ ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಅದರ ಪೆಟ್ಟು ಬೀಳುವುದು ಯಕೃತ್ತಿಗೆ. ಅಡುಗೆಮನೆಯ ಚಮಚ ಬೇಡ, ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮೈ ಬಿಸಿಯಿದ್ದರೂ ಮಗು ಆಡಿಕೊಂಡಿದ್ದರೆ ಔಷಧಿಗೆ ಅವಸರವಿಲ್ಲ. ಆಸ್ಪಿರಿನ್, ನಿಮೆಸುಲೈಡ್ ಮಕ್ಕಳಿಗೆ ಸಲ್ಲವು; ಡೆಂಗಿ ಕಾಲದಲ್ಲಿ ಐಬುಪ್ರೊಫೆನ್ ಕೂಡ ಬೇಡ.

ಭೇದಿಯಲ್ಲಿಯೂ ಅಳತೆಯೇ ಮುಖ್ಯ. ಒಆರ್‌ಎಸ್ ಪೊಟ್ಟಣಗಳಲ್ಲಿ 200 ಮಿ.ಲೀ. ನೀರಿಗೆ ಬೆರೆಸುವ ಚಿಕ್ಕದು, 1 ಲೀಟರಿಗೆ ಬೆರೆಸುವ ದೊಡ್ಡದು ಎಂದು ಎರಡು ಬಗೆಯಿವೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯವಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿಸಿ, 24 ಗಂಟೆಯ ಬಳಿಕ ಉಳಿದದ್ದನ್ನು ಚೆಲ್ಲಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಜಿಂಕ್ ಅನ್ನು, ಭೇದಿ ನಿಂತರೂ ಬಿಡದೆ, 14 ದಿನ ಕೊಡಬೇಕು. ಇವೆರಡನ್ನೂ ಆಶಾ ಕಾರ್ಯಕರ್ತೆಯ ಬಳಿ ಕೇಳಿ ನೋಡಿ. ಎದೆಹಾಲು, ಊಟ ನಿಲ್ಲಿಸಬಾರದು.

ನೆಗಡಿಗೆ ಬಹುಮಟ್ಟಿಗೆ ವೈರಸ್ ಕಾರಣವಾದ್ದರಿಂದ ಆಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ. ಅಕ್ಕನಿಗೆ ತಂದು ಉಳಿದ ಬಾಟಲಿಯನ್ನು ತಮ್ಮನಿಗೆ ತೆರೆಯುವುದಂತೂ ಬೇಡವೇ ಬೇಡ. ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಬೇಡ. ಒಂದು ವರ್ಷ ದಾಟಿದ್ದರೆ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ಮೂರ್ಛೆ ರೋಗದಂತೆ ಮೈ ಅದುರಿದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೊರಡುವಾಗ ಕೊಟ್ಟ ಔಷಧಿಯ ಬಾಟಲಿಯನ್ನೂ, ಕೊಟ್ಟ ಹೊತ್ತು ಬರೆದ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.